ಪೆಟ್ಟಿಗೆಯೊಳಗಿನ ಬೇಸಗೆ

ಸಾಯಂಕಾಲ ಏಳು ಗಂಟೆಯ ಸಮಯ. ನಡುಮನೆಯ ಮೂಲೆಯಲ್ಲಿ ಐದಾರು ವರ್ಷಗಳಿಂದ ತೆಪ್ಪಗೆ ದುಡಿಯುತ್ತ ಬಂದ ಕಂಪ್ಯೂಟರು ಇದ್ದಕ್ಕಿದ್ದಂತೆ ಗೊರ್ರೆಂದು ಸದ್ದುಮಾಡತೊಡಗುತ್ತದೆ. ಕಾಲೇಜಿನ ಮಗಳು ಬರೆಯುತ್ತಿದ್ದ ಪ್ರಬಂಧದ ಅಕ್ಷರಗಳು ಪರದೆಯ ಮೇಲೆ ತಡೆತಡೆದು ಮೂಡುತ್ತವೆ. ಕೊನೆಗೊಮ್ಮೆ ಯಂತ್ರವು ಯಾರ ಅಪ್ಪಣೆಯನ್ನೂ ಕೇಳದೆ ತಾನೇ ಆರಿಹೋಗುತ್ತದೆ.

"ಅದಕ್ಕೂ ವಯಸ್ಸಾಯಿತು. ಇನ್ನು ಹೊಸದು ತರುವುದೇ ಗತಿ" ಎಂದು ತಂದೆ ನಿಟ್ಟುಸಿರಿಡುತ್ತಾರೆ.

"ಹೋದ ತಿಂಗಳು ತಾನೆ ಇವಳ ಫೀಜು ಕಟ್ಟಿದ್ದು, ನೆನಪಿದೆಯೇ?" ಎನ್ನುತ್ತಾರೆ ತಾಯಿ.

"ಅಪ್ಪಾ, ಒಂದು ಸಲ ಬಿಚ್ಚಿ ನೋಡೋಣವೇ?" ಎಂದು ಮಗಳು ಕೇಳುತ್ತಾಳೆ.

ಇಂಥ ಸಂಭಾಷಣೆ ನಗರದ ಎಷ್ಟೋ ಮನೆಗಳಿಗೆ ಹೊಸದಲ್ಲ. ಹೀಗೆ ಕೈಕೊಟ್ಟ ಯಂತ್ರಗಳಲ್ಲಿ ಎಲ್ಲವೂ ಸತ್ತಿರುವುದಿಲ್ಲ. ಎಷ್ಟೋ ಯಂತ್ರಗಳು ಜ್ವರದಿಂದ ನರಳುತ್ತಿರುತ್ತವೆ, ಅಷ್ಟೆ. ಜ್ವರ ಬಂದವರನ್ನು ಯಾರೂ ಮನೆಯಿಂದ ಹೊರಗಟ್ಟುವುದಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಹಾಗೆ ನಡೆದುಹೋಗುತ್ತದೆ. ಆ ಪೆಟ್ಟಿಗೆಯೊಳಗೆ ಶಾಖವು ಎಲ್ಲಿ ಹುಟ್ಟುತ್ತದೆ, ಯಾವ ದಾರಿ ಹಿಡಿದು ಹೊರಗೆ ಹೋಗುತ್ತದೆ ಎಂಬುದು ಗೊತ್ತಿಲ್ಲದಿರುವುದೇ ಇದಕ್ಕೆ ಕಾರಣ. ಆ ದಾರಿಯನ್ನು ಅರಿತವರು ಕಂಪ್ಯೂಟರನ್ನು ತಾವೇ ಜೋಡಿಸಬಲ್ಲರು, ಹೆಚ್ಚು ಕಾಲ ಬಾಳಿಸಲೂ ಬಲ್ಲರು.

ತಿಂದದ್ದೆಲ್ಲ ಶಾಖವೇ

ನೀರೆತ್ತುವ ಪಂಪು ತಾನು ಬಳಸಿದ ವಿದ್ಯುತ್ತಿನ ಒಂದು ಪಾಲನ್ನಾದರೂ ತೊಟ್ಟಿಯ ಎತ್ತರಕ್ಕೆ ಮುಟ್ಟಿಸುತ್ತದೆ. ಗಣಕಯಂತ್ರವಾದರೋ ಭಾರವನ್ನು ಎತ್ತುವುದಿಲ್ಲ, ಹಿಟ್ಟನ್ನು ಬೀಸುವುದಿಲ್ಲ. ಕೋಟ್ಯಂತರ ಸೂಕ್ಷ್ಮ ಸ್ವಿಚ್ಚುಗಳನ್ನು ಕ್ಷಣಕ್ಷಣಕ್ಕೂ ತೆರೆದು ಮುಚ್ಚುವುದೇ ಅದರ ಕಾಯಕ. ಆ ಕಾಯಕ ಮುಗಿದ ಮೇಲೆ, ಬಳಸಿದ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗುತ್ತದೆ. ನೂರು ವಾಟ್ ತಿಂದ ಯಂತ್ರವು ನೂರು ವಾಟ್ ಶಾಖವನ್ನು ಕೋಣೆಗೆ ಹಿಂದಿರುಗಿಸಿಯೇ ತೀರುತ್ತದೆ.

2022ರಲ್ಲಿ ಬಂದ ಎನ್ವಿಡಿಯಾ ಆರ್‌ಟಿಎಕ್ಸ್ 4090 ಎಂಬ ಗ್ರಾಫಿಕ್ಸ್ ಕಾರ್ಡಿನ ಅಂಗೀಕೃತ ವಿದ್ಯುತ್ ಬಳಕೆ 450 ವಾಟ್. ಅದೇ ವರ್ಷದ ಇಂಟೆಲ್ ಕೋರ್ ಐ9-13900ಕೆ ಪ್ರಾಸೆಸರಿಗೆ ಸಂಸ್ಥೆ ಹೇಳಿದ ಗರಿಷ್ಠ ಮಿತಿ 253 ವಾಟ್. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಪೂರ್ಣ ವೇಗದಲ್ಲಿ ದುಡಿಸಿದರೆ ಮನೆಯ ಇಸ್ತ್ರಿಪೆಟ್ಟಿಗೆಯಷ್ಟು ಬಿಸಿ ಅಲ್ಲಿ ಹುಟ್ಟುತ್ತದೆ. ಇಸ್ತ್ರಿಪೆಟ್ಟಿಗೆಗೆ ಅಂಗೈಯಗಲದ ತಳವುಂಟು. ಪ್ರಾಸೆಸರಿನ ಶಾಖವೆಲ್ಲ ಹುಟ್ಟುವುದು ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಸಿಲಿಕಾನ್ ತುಣುಕಿನಲ್ಲಿ. ತೊಡಕು ಇರುವುದು ಇಲ್ಲಿಯೇ.

ಶಾಖವನ್ನು ನಾಶಮಾಡಲು ಬರುವುದಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಹುದು. ಸಾಗಾಣಿಕೆ ನಿಂತರೆ ತುಣುಕಿನ ಉಷ್ಣತೆ ಏರುತ್ತ ಹೋಗುತ್ತದೆ. ಅದು ಸುಮಾರು 95ರಿಂದ 100 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿದಾಗ ಇಂದಿನ ಪ್ರಾಸೆಸರುಗಳು ಆತ್ಮರಕ್ಷಣೆಗಾಗಿ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ; ಆಗಲೂ ಬಿಸಿ ಇಳಿಯದಿದ್ದರೆ ಆರಿಹೋಗುತ್ತವೆ. ಮೇಲಿನ ಮನೆಯಲ್ಲಿ ಅಕ್ಷರಗಳು ತಡವರಿಸಿದ್ದಕ್ಕೂ ಯಂತ್ರ ನಿಂತುಹೋದದ್ದಕ್ಕೂ ಇದೇ ಕಾರಣವಾಗಿರಬಹುದು. ಹಿಂದಿನ ಪ್ರಾಸೆಸರುಗಳಲ್ಲಿ ಕೆಲವಕ್ಕೆ ಇಷ್ಟು ವಿವೇಕವೂ ಇರಲಿಲ್ಲ. 2001ರಲ್ಲಿ ನಡೆದ ಒಂದು ಪ್ರಸಿದ್ಧ ಪರೀಕ್ಷೆಯಲ್ಲಿ, ಓಡುತ್ತಿದ್ದ ಎಎಂಡಿ ಆಥ್ಲಾನ್ ಪ್ರಾಸೆಸರಿನ ಮೇಲಿಂದ ತಂಪುಕಾರಕವನ್ನು ಕಿತ್ತಾಗ ಅದು ಕ್ಷಣಾರ್ಧದಲ್ಲಿ ಹೊಗೆಯಾಡಿ ಸುಟ್ಟುಹೋಯಿತು.

ದೊಡ್ಡ ಯಂತ್ರಗಳ ದೊಡ್ಡ ತಾಪ

ಈ ಸಮಸ್ಯೆ ಗಣಕಯಂತ್ರದ ಜೊತೆಯಲ್ಲೇ ಹುಟ್ಟಿದ್ದು. 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಅದು ಸುಮಾರು 150 ಕಿಲೋವಾಟ್ ವಿದ್ಯುತ್ತನ್ನು ನುಂಗುತ್ತಿತ್ತು. ಲೆಕ್ಕ ಮಾಡುವ ಯಂತ್ರದ ಜೊತೆಗೆ ಗಾಳಿ ಊದುವ ಯಂತ್ರಗಳನ್ನೂ ಹೂಡಬೇಕಾಯಿತು.

ಮೂವತ್ತು ವರ್ಷಗಳ ಅನಂತರ, 1976ರಲ್ಲಿ, ಸೆಮೂರ್ ಕ್ರೇ ಅವರು ರಚಿಸಿದ ಕ್ರೇ-1 ಎಂಬ ಮಹಾಗಣಕ ಲಾಸ್ ಅಲಮೋಸ್ ಪ್ರಯೋಗಾಲಯವನ್ನು ಸೇರಿತು. ನೋಡುವವರಿಗೆ ಅದು ಸುತ್ತಲೂ ಮೆತ್ತನೆಯ ಆಸನವಿಟ್ಟ ಕಂಬದಂತೆ ಕಾಣುತ್ತಿತ್ತು. ಆ ಆಸನದ ಕೆಳಗೆ ವಿದ್ಯುತ್ ಪೂರೈಸುವ ಸಲಕರಣೆಗಳು ಅಡಗಿದ್ದವು. ಮಂಡಲಫಲಕಗಳ ಶಾಖವನ್ನು ತಾಮ್ರದ ತಗಡುಗಳು ಹೀರಿ, ಶೀತಕಾರಕ ಫ್ರಿಯಾನ್ ಹರಿಯುವ ಕಂಬಗಳಿಗೆ ಒಪ್ಪಿಸುತ್ತಿದ್ದವು. ಮನೆಯ ರೆಫ್ರಿಜರೇಟರಿನದೇ ತತ್ತ್ವ, ಪ್ರಮಾಣ ಮಾತ್ರ ಬೃಹತ್ತು. 1985ರ ಕ್ರೇ-2 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಫಲಕಗಳು ಫ್ಲೋರಿನರ್ಟ್ ಎಂಬ, ವಿದ್ಯುತ್ತು ಹರಿಯದ ದ್ರವದಲ್ಲಿ ಮುಳುಗಿಯೇ ಕೆಲಸ ಮಾಡುತ್ತಿದ್ದವು. ಪಾರದರ್ಶಕ ತೊಟ್ಟಿಯೊಳಗೆ ಆ ದ್ರವ ಏಳುತ್ತ ಬೀಳುತ್ತ ಇದ್ದುದನ್ನು ಕಂಡು ಜನರು ಯಂತ್ರಕ್ಕೆ 'ಗುಳ್ಳೆಗಳು' ಎಂಬ ಅಡ್ಡಹೆಸರಿಟ್ಟರು.

ಮನೆಗೆ ಬಂದ ಯಂತ್ರ

ಗೃಹಸ್ಥರ ಮೇಜಿನ ಮೇಲಿನ ಕಂಪ್ಯೂಟರು ಮೊದಲಲ್ಲಿ ಬಲು ಮಿತಾಹಾರಿ. 1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯ ವಿದ್ಯುತ್ ಪೆಟ್ಟಿಗೆಯ ಸಾಮರ್ಥ್ಯ 63.5 ವಾಟ್, ಹಳೆಯ ಕಾಲದ ಒಂದು ಬಲ್ಬಿಗೆ ಬೇಕಾಗುತ್ತಿದ್ದಷ್ಟು. ಅದರ ಪ್ರಾಸೆಸರಿಗೆ ತಂಪುಕಾರಕವೇ ಬೇಕಿರಲಿಲ್ಲ. ಆದರೆ ಅದರಲ್ಲಿ ಬೇರೊಂದು ವಿಶೇಷವಿತ್ತು. ಐಬಿಎಂ ಸಂಸ್ಥೆ ಯಂತ್ರದ ಒಳರಚನೆಯ ನಕ್ಷೆಗಳನ್ನು ಕೈಪಿಡಿಯಾಗಿ ಅಚ್ಚುಮಾಡಿ ಮಾರಿತು. ಮೇಲುಮುಚ್ಚಳ ತೆಗೆದು ಬೇಕಾದ ಫಲಕವನ್ನು ಸಿಕ್ಕಿಸಲು ಐದು ಖಾಲಿ ಸ್ಥಾನಗಳನ್ನೂ ಇಟ್ಟಿತು. ಇತರ ಕಾರ್ಖಾನೆಗಳು ಅದಕ್ಕೆ ಹೊಂದುವ ಬಿಡಿಭಾಗಗಳನ್ನು ತಯಾರಿಸತೊಡಗಿದವು. 1995ರಲ್ಲಿ ಇಂಟೆಲ್ ಸಂಸ್ಥೆ ಎಟಿಎಕ್ಸ್ ಎಂಬ ಅಳತೆಯ ಕಟ್ಟಳೆಯನ್ನು ತಂದ ಮೇಲೆ, ಯಾವ ಸಂಸ್ಥೆಯ ಮದರ್‌ಬೋರ್ಡನ್ನಾದರೂ ಯಾವ ಸಂಸ್ಥೆಯ ಕ್ಯಾಬಿನೆಟ್ಟಿನಲ್ಲಾದರೂ ಕೂಡಿಸುವುದು ಸುಲಭವಾಯಿತು.

ಬೆಂಗಳೂರಿನ ಎಸ್.ಪಿ. ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್ ಇವೆಲ್ಲ ಪ್ರಸಿದ್ಧಿಗೆ ಬಂದದ್ದು ಇಂಥ ಬಿಡಿಭಾಗಗಳ ವ್ಯಾಪಾರದಿಂದ. ಎಸ್.ಪಿ. ರಸ್ತೆಯ ಇಕ್ಕಟ್ಟಾದ ಮಳಿಗೆಗಳಲ್ಲಿ ಪಟ್ಟಿ ಹಿಡಿದು, ಬೆಲೆ ಚೌಕಾಸಿ ಮಾಡಿ, ಒಂದೊಂದೇ ಭಾಗವನ್ನು ಕೊಂಡು 'ಅಸೆಂಬಲ್ಡ್' ಕಂಪ್ಯೂಟರು ಮಾಡಿಸಿಕೊಂಡ ಕುಟುಂಬಗಳಿಗೆ ಲೆಕ್ಕವಿಲ್ಲ. ಸಿದ್ಧ ಯಂತ್ರದ ಬೆಲೆ ಕೈಗೆಟುಕದವರಿಗೆ ಅದು ವರವಾಯಿತು. ಅದೇ ನೆಪದಲ್ಲಿ ಯಂತ್ರದ ಒಳಗನ್ನು ನೋಡುವ ಅವಕಾಶವೂ ಒದಗಿತು.

ಮುನ್ನೂರು ನಾನೂರೈವತ್ತಾದ ಕಥೆ

1998ರ ಆಗಸ್ಟಿನಲ್ಲಿ ಇಂಟೆಲ್ ಸಂಸ್ಥೆ ಸೆಲೆರಾನ್ 300ಎ ಎಂಬ ಅಗ್ಗದ ಪ್ರಾಸೆಸರನ್ನು ಮಾರುಕಟ್ಟೆಗೆ ಬಿಟ್ಟಿತು. ಮದರ್‌ಬೋರ್ಡು ಹಾಕುವ 66 ಮೆಗಾಹರ್ಟ್ಸ್ ತಾಳವನ್ನು ನಾಲ್ಕೂವರೆ ಪಟ್ಟು ಮಾಡಿಕೊಂಡು ಅದು 300 ಮೆಗಾಹರ್ಟ್ಸ್ ವೇಗದಲ್ಲಿ ನಡೆಯಬೇಕು ಎಂಬುದು ಕಾರ್ಖಾನೆಯ ಕಟ್ಟಳೆ. ಕುತೂಹಲಿಗಳು ತಾಳವನ್ನು 100ಕ್ಕೆ ಏರಿಸಿ ನೋಡಿದರು. ಪ್ರಾಸೆಸರು 450ರ ವೇಗದಲ್ಲಿ, ಬಹುಪಾಲು ಸಂದರ್ಭಗಳಲ್ಲಿ ಯಾವ ತಕರಾರೂ ಇಲ್ಲದೆ ಓಡಿತು! ಅದರ ಅನೇಕ ಪಟ್ಟು ಬೆಲೆಯ ಪೆಂಟಿಯಂ 2ರೊಡನೆ ಸರಿಸಮನಾಗಿ ನಿಂತಿತು. ಹೀಗೆ ನಿಗದಿಯಾದ ವೇಗವನ್ನು ಮೀರಿಸುವುದಕ್ಕೆ 'ಓವರ್‌ಕ್ಲಾಕಿಂಗ್' ಎಂದು ಹೆಸರು.

ವೇಗಕ್ಕೆ ತೆರಬೇಕಾದ ಸುಂಕ ಶಾಖ. ಸ್ವಿಚ್ಚುಗಳು ಹೆಚ್ಚು ಬಾರಿ ತೆರೆದು ಮುಚ್ಚಿದಷ್ಟೂ ಬಿಸಿ ಏರುತ್ತದೆ. ವೇಗಕ್ಕಾಗಿ ವೋಲ್ಟೇಜನ್ನೂ ಹೆಚ್ಚಿಸಿದರೆ ಅದು ಇನ್ನೂ ತೀವ್ರವಾಗಿ ಏರುತ್ತದೆ. ವೋಲ್ಟೇಜು ಎರಡು ಪಟ್ಟಾದರೆ ಶಾಖ ಸುಮಾರು ನಾಲ್ಕು ಪಟ್ಟು. ಆದ್ದರಿಂದ ವೇಗದ ಹುಚ್ಚು ಹಿಡಿದವರು ತಂಪಿನ ವಿದ್ಯೆಯನ್ನೂ ಕಲಿಯಲೇಬೇಕಾಯಿತು. ಹಳೆಯ ಮೋಟಾರುಕಾರಿನ ಹೀಟರಿನ ಸುರುಳಿ, ಮೀನಿನ ತೊಟ್ಟಿಯ ಪುಟ್ಟ ಪಂಪು, ತಾಮ್ರದ ತುಂಡಿನಲ್ಲಿ ಕೊರೆದ ನಾಲೆ, ಪ್ಲಾಸ್ಟಿಕ್ ಕೊಳವೆ ಇವುಗಳಿಂದ ಹವ್ಯಾಸಿಗಳು ತಮ್ಮ ಯಂತ್ರಗಳಿಗೆ ನೀರಿನ ತಂಪನ್ನು ಒದಗಿಸಿದರು. ಸಾಹಸಕ್ಕೆ ಕೊನೆಯೆಲ್ಲಿ? 2011ರಲ್ಲಿ ಎಎಂಡಿ ಸಂಸ್ಥೆಯ ಎಫ್‌ಎಕ್ಸ್ ಪ್ರಾಸೆಸರೊಂದನ್ನು ದ್ರವ ಹೀಲಿಯಮ್ಮಿನಿಂದ ತಣಿಸಿ 8.4 ಗಿಗಾಹರ್ಟ್ಸಿಗೂ ಮೇಲಕ್ಕೆ ಓಡಿಸಿ ದಾಖಲೆ ಮಾಡಿದರು. ಹೀಲಿಯಂ ಕುದಿಯುವುದು ಸೊನ್ನೆಗಿಂತ 269 ಡಿಗ್ರಿ ಕೆಳಗೆ!

ದೈತ್ಯರಿಗೂ ಎದುರಾದ ಗೋಡೆ

ಇದು ಹವ್ಯಾಸಿಗಳ ಚಿಂತೆ ಮಾತ್ರವಾಗಿ ಉಳಿಯಲಿಲ್ಲ. 2001ರಲ್ಲಿ ಇಂಟೆಲ್ ಸಂಸ್ಥೆಯ ಪ್ಯಾಟ್ ಗೆಲ್ಸಿಂಗರ್ ಅವರು ತಜ್ಞರ ಸಮ್ಮೇಳನವೊಂದರಲ್ಲಿ ಎಚ್ಚರಿಕೆಯ ಮಾತನ್ನಾಡಿದರು. ಪ್ರಾಸೆಸರುಗಳು ಹೀಗೆಯೇ ಬೆಳೆದರೆ ಅವುಗಳ ಮೇಲ್ಮೈಯ ಶಾಖಸಾಂದ್ರತೆಯು ಮೊದಲು ಪರಮಾಣು ಸ್ಥಾವರವನ್ನೂ, ಆಮೇಲೆ ರಾಕೆಟ್ಟಿನ ಮೂತಿಯನ್ನೂ, ಕೊನೆಗೆ ಸೂರ್ಯನ ಮೇಲ್ಮೈಯನ್ನೂ ಸರಿಗಟ್ಟುವುದೆಂಬುದು ಅದರ ಸಾರ. ಮೂರೇ ವರ್ಷಗಳಲ್ಲಿ ಆ ಗೋಡೆ ಎದುರಾಯಿತು. ಪೆಂಟಿಯಂ 4ರ ಕೆಲವು ಪ್ರಾಸೆಸರುಗಳ ವಿದ್ಯುತ್ ಬಳಕೆ 115 ವಾಟಿಗೇರಿತು. ಅದರ ಉತ್ತರಾಧಿಕಾರಿಯಾಗಬೇಕಿದ್ದ 'ತೇಜಸ್' ಎಂಬ ಯೋಜನೆಯನ್ನು ಇಂಟೆಲ್ 2004ರ ಮೇ ತಿಂಗಳಲ್ಲಿ ಕೈಬಿಟ್ಟಿತು.

ಒಂದು ಎತ್ತನ್ನು ಹೊಡೆದು ಓಡಿಸುವುದಕ್ಕಿಂತ ಎರಡು ಎತ್ತುಗಳನ್ನು ನಿಧಾನವಾಗಿ ನಡೆಸುವುದು ಮೇಲೆಂಬ ಒಕ್ಕಲಿಗನ ವಿವೇಕ ಆಗ ಎಂಜಿನಿಯರರಿಗೂ ಒಪ್ಪಿಗೆಯಾಯಿತು. ಒಂದೇ ತುಣುಕಿನಲ್ಲಿ ಎರಡು, ನಾಲ್ಕು, ಎಂಟು 'ಕೋರ್'ಗಳನ್ನಿಡುವ ಕ್ರಮ ಬೆಳೆಯಿತು. 2006ರ ಕೋರ್ 2 ಡ್ಯುಯೋ ಪ್ರಾಸೆಸರುಗಳು 65 ವಾಟಿನಲ್ಲಿಯೇ ಹಿಂದಿನವುಗಳಿಗಿಂತ ಹೆಚ್ಚು ಕೆಲಸ ಮಾಡಿದವು. ಇಂದಿನ ಕಂಪ್ಯೂಟರಿನ ಒಳರೂಪವನ್ನು ನಿರ್ಧರಿಸಿದ್ದರಲ್ಲಿ ಶಾಖದ ಪಾಲು ದೊಡ್ಡದು.

ಶಾಖದ ಪಯಣ

ತುಣುಕಿನಲ್ಲಿ ಹುಟ್ಟಿದ ಶಾಖವು ಕೋಣೆಯ ಗಾಳಿಯನ್ನು ಸೇರುವವರೆಗಿನ ಹಾದಿಯಲ್ಲಿ ನಾಲ್ಕು ಮಜಲುಗಳಿವೆ.

ಮೊದಲನೆಯದು ಥರ್ಮಲ್ ಪೇಸ್ಟ್. ಪ್ರಾಸೆಸರಿನ ನೆತ್ತಿಯೂ ತಂಪುಕಾರಕದ ತಳವೂ ಕಣ್ಣಿಗೆ ಕನ್ನಡಿಯಂತೆ ಕಂಡರೂ ಸೂಕ್ಷ್ಮದಲ್ಲಿ ಉಬ್ಬುತಗ್ಗುಗಳೇ. ನಡುವಿನ ಸಂದುಗಳಲ್ಲಿ ಗಾಳಿ ನಿಂತರೆ ಶಾಖ ದಾಟುವುದಿಲ್ಲ. ಗಾಳಿ ಬಲು ಕೆಟ್ಟ ಉಷ್ಣವಾಹಕ. ಈ ಪೇಸ್ಟ್ ಆ ಸಂದುಗಳನ್ನು ತುಂಬುತ್ತದೆ. ಅದು ಗಾಳಿಗಿಂತ ನೂರು ಪಟ್ಟಿಗೂ ಮಿಗಿಲಾದ ವಾಹಕ. ತಾಮ್ರದ ಮುಂದಾದರೋ ಏನೂ ಅಲ್ಲ. ಆದ್ದರಿಂದ ಅದನ್ನು ಬಟಾಣಿ ಕಾಳಿನಷ್ಟು ಹಾಕಿದರೆ ಸಾಕು. ಬ್ರೆಡ್ಡಿಗೆ ಬೆಣ್ಣೆ ಬಳಿದಂತೆ ಬಳಿಯಬೇಕಾಗಿಲ್ಲ. ವರ್ಷಗಳು ಉರುಳಿದಂತೆ ಅದು ಒಣಗಿ ಬಿರಿಯುವುದುಂಟು.

ಎರಡನೆಯದು ಉಷ್ಣನಾಳ. ಇಡ್ಲಿ ಪಾತ್ರೆಯನ್ನು ನೆನೆಸಿಕೊಂಡರೆ ಇದರ ಮರ್ಮ ತಿಳಿಯುತ್ತದೆ. ತಳದಲ್ಲಿ ನೀರು ಆವಿಯಾಗುತ್ತದೆ. ಮೇಲೇರಿದ ಆವಿ ಮುಚ್ಚಳಕ್ಕೆ ತಗುಲಿ, ಶಾಖವನ್ನು ಅಲ್ಲಿ ಬಿಟ್ಟು, ಹನಿಯಾಗಿ ಇಳಿಯುತ್ತದೆ. ಎರಡೂ ತುದಿ ಮುಚ್ಚಿದ ತಾಮ್ರದ ನಾಳದೊಳಗೆ ತುಸು ನೀರನ್ನಿಟ್ಟು, ಗಾಳಿಯನ್ನು ಹೊರತೆಗೆದು, ಒಳಗೋಡೆಗೆ ಬತ್ತಿಯಂತೆ ನೀರು ಹೀರುವ ಲೇಪವನ್ನು ಕೊಟ್ಟರೆ ಇದೇ ಕಾರ್ಯ ಸದ್ದಿಲ್ಲದೆ ನಡೆಯುತ್ತದೆ. ಒತ್ತಡ ಕಡಮೆಯಿರುವುದರಿಂದ ನೀರು ನೂರು ಡಿಗ್ರಿಗೆ ಬಹಳ ಮೊದಲೇ ಆವಿಯಾಗುತ್ತದೆ. 1963ರಲ್ಲಿ ಲಾಸ್ ಅಲಮೋಸ್‌ನ ಜಾರ್ಜ್ ಗ್ರೋವರ್ ಇದನ್ನು ರೂಪಿಸಿ ಹೆಸರಿಟ್ಟಾಗ ಬಾಹ್ಯಾಕಾಶದ ಉಪಯೋಗಗಳು ಕಣ್ಣಮುಂದಿದ್ದವು. ಇಂದು ಅದು ವಿದ್ಯಾರ್ಥಿಯ ಮೇಜಿನ ಮೇಲಿದೆ.

ಮೂರನೆಯದು ಅಲ್ಯೂಮಿನಿಯಂ ಹಾಳೆಗಳ ಸಾಲು, ನಾಲ್ಕನೆಯದು ಅದಕ್ಕೆ ಗಾಳಿ ಬೀಸುವ ಫ್ಯಾನು. ಅಗಲವಾದ ಫ್ಯಾನು ನಿಧಾನವಾಗಿ ತಿರುಗಿಯೂ ಸಾಕಷ್ಟು ಗಾಳಿಯನ್ನು ನೂಕುತ್ತದೆ. ಚಿಕ್ಕದು ಅದೇ ಕೆಲಸಕ್ಕೆ ಬೊಬ್ಬೆ ಹಾಕಬೇಕು. ಕ್ಯಾಬಿನೆಟ್ಟಿನ ಮುಂಭಾಗದಿಂದ ತಣ್ಣನೆಯ ಗಾಳಿ ಒಳಬಂದು, ಹಿಂಭಾಗ ಮತ್ತು ಮೇಲ್ಭಾಗಗಳಿಂದ ಬಿಸಿಗಾಳಿ ಹೊರಹೋಗುವಂತೆ ಫ್ಯಾನುಗಳನ್ನು ಕೂಡಿಸುವುದು ವಾಡಿಕೆ. ಇದು ಎದುರುಬದುರು ಕಿಟಕಿಯಿಟ್ಟು ಮನೆ ಕಟ್ಟಿಸುವ ಜಾಣತನವೇ. ಪಕ್ಕಕ್ಕೆ ಗಾಜು, ಒಳಗೆ ಬಣ್ಣಬಣ್ಣದ ದೀಪ ಇಟ್ಟು ಪೆಟ್ಟಿಗೆಯನ್ನು ಅಲಂಕರಿಸುವ ಹವ್ಯಾಸವೂ ಬೆಳೆದಿದೆ. ಅಂದಕ್ಕಾಗಿ ಮುಂಭಾಗವನ್ನೇ ಗಾಜಿನಿಂದ ಮುಚ್ಚಿ, ಗಾಳಿಗೆ ಬೇರೆ ದಾರಿ ಬಿಡದಿದ್ದರೆ ಒಳಗಿನ ಯಂತ್ರ ಉಸಿರುಕಟ್ಟಿ ಬಳಲುತ್ತದೆ.

ನೀರಿನ ಮಿತಿ

ಹಾಗಾದರೆ ನೀರು ಹರಿಸುವ ಏರ್ಪಾಟೇ ಉತ್ತಮವಲ್ಲವೇ ಎಂದು ಓದುಗರು ಕೇಳಬಹುದು. ನೀರು ಶಾಖವನ್ನು ಹೊರುವುದರಲ್ಲಿ ಎತ್ತಿದ ಕೈ. ಸಮ ಗಾತ್ರದ ಗಾಳಿಗಿಂತ ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖವನ್ನು ಅದು ಹಿಡಿದಿಡಬಲ್ಲದು. ಆದರೆ ಆ ನೀರೂ ತನ್ನ ಶಾಖವನ್ನು ಕೊನೆಗೆ ಕೋಣೆಯ ಗಾಳಿಗೇ ಕೊಡಬೇಕು. ಸಾಮಾನ್ಯ ನೀರಿನ ಏರ್ಪಾಟಿನಿಂದ ಯಂತ್ರವನ್ನು ಕೋಣೆಗಿಂತ ತಂಪಾಗಿಸಲು ಸಾಧ್ಯವಿಲ್ಲ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಯಂತ್ರ ಜೋಡಿಸುವವರು ಈ ಮಿತಿಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೋಣೆಗಿಂತ ಬಹಳ ತಂಪಾಗಿಸುವ ಉಪಾಯ ಮಾಡಿದರೆ ಬೇರೊಂದು ಅಪಾಯ ಎದುರಾಗುತ್ತದೆ. ಮಂಗಳೂರಿನಂಥ ತೇವದ ಹವೆಯಲ್ಲಿ, ತಣ್ಣೀರಿನ ಲೋಟದ ಹೊರಮೈ ಬೆವರುವಂತೆ, ಮದರ್‌ಬೋರ್ಡೂ ಬೆವರುತ್ತದೆ. ವಿದ್ಯುತ್ತಿಗೂ ನೀರಿಗೂ ಹಗೆತನವಿರುವುದು ತಿಳಿದದ್ದೇ.

ಒಂದೇ ನೀರಿನ ಹಾದಿಯಲ್ಲಿ ತಾಮ್ರವನ್ನೂ ಅಲ್ಯೂಮಿನಿಯಮ್ಮನ್ನೂ ಬೆರೆಸುವುದು ಇನ್ನೊಂದು ತಪ್ಪು. ಎರಡು ಲೋಹಗಳೂ ನಡುವಣ ನೀರೂ ಸೇರಿ ಸಣ್ಣದೊಂದು ವಿದ್ಯುತ್ಕೋಶವೇ ಆಗಿ, ಅಲ್ಯೂಮಿನಿಯಂ ದಿನೇದಿನೇ ಸವೆಯುತ್ತದೆ. ಸಾಧಾರಣ ಮನೆಯ ಕೆಲಸಕ್ಕೆ ಒಳ್ಳೆಯ ಗಾಳಿಯ ತಂಪುಕಾರಕವೇ ಸಾಕು. ಅದರಲ್ಲಿ ಕೆಡುವುದಕ್ಕೆ ಫ್ಯಾನೊಂದನ್ನು ಬಿಟ್ಟರೆ ಬೇರೇನೂ ಇಲ್ಲ.

ಗೃಹಸ್ಥರಿಗೆ ನಾಲ್ಕು ಮಾತು

ಉರಿಯುತ್ತಿರುವ ಕಂಪ್ಯೂಟರಿಗೆ ಧೂಳು ಬೀಳದಿರಲೆಂದು ಬಟ್ಟೆಯ ಮುಸುಕು ಹಾಕುವುದು, ಟೀವಿ ಗೂಡಿನ ಬಾಗಿಲೊಳಗೆ ಅದನ್ನು ಸೇರಿಸುವುದು, ಹಿಂಬದಿಯನ್ನು ಗೋಡೆಗೆ ಒತ್ತರಿಸುವುದು ಇವು ಮೂರೂ ಪ್ರೀತಿಯಿಂದ ಮಾಡುವ ಅಪಕಾರಗಳು. ವರ್ಷಕ್ಕೆ ಒಂದೆರಡು ಸಲ ತಂತಿಯನ್ನು ಗೋಡೆಯಿಂದ ಪೂರ್ತಿಯಾಗಿ ಕಿತ್ತು, ಪೆಟ್ಟಿಗೆಯನ್ನು ತೆರೆದು, ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆಯಬೇಕು. ಒಳಗಿನ ಭಾಗಗಳಿಗೆ ಕೈಹಾಕುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಗಾಳಿ ಊದುವಾಗ ಫ್ಯಾನು ಮನಬಂದಂತೆ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. ತಂತಿ ಕಿತ್ತ ಮೇಲೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರುತ್ತದೆ. ಮೂರು ಮೊಳೆಯ ಪ್ಲಗ್ಗಿಗೆ ಗೋಡೆಯಲ್ಲಿ ನಿಜವಾದ ಅರ್ಥಿಂಗ್ ಇದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ನನಿಂದ ನೋಡಿಸುವುದು ಕ್ಷೇಮ. ಯಂತ್ರ ಇನ್ನೂ ವಾರಂಟಿಯಲ್ಲಿದ್ದರೆ ಅದರ ಷರತ್ತುಗಳನ್ನು ಓದಿಕೊಂಡೇ ಮುಂದುವರಿಯಬೇಕು.

ಬಿಚ್ಚಿ ನೋಡುವ ಈ ಸ್ವಾತಂತ್ರ್ಯವೇ ಈಗ ಕಿರಿದಾಗುತ್ತಿದೆ. ಅನೇಕ ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿಯನ್ನು ಅಂಟಿಸಿರುತ್ತಾರೆ, ಸ್ಮರಣಫಲಕವನ್ನು ಬೆಸೆದಿರುತ್ತಾರೆ. ಕೊಂಡವನಿಗೆ ರಿಪೇರಿಯ ಹಕ್ಕು ಬೇಡವೇ ಎಂಬ ಪ್ರಶ್ನೆ ಇದರಿಂದಲೇ ಎದ್ದಿತು. 2021ರಿಂದ ಫ್ರಾನ್ಸ್ ದೇಶದಲ್ಲಿ ಲ್ಯಾಪ್‌ಟಾಪು ಮೊದಲಾದ ಸರಕುಗಳ ಮೇಲೆ, ಅವುಗಳನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂಬ ಅಂಕವನ್ನು ನಮೂದಿಸುವ ನಿಯಮ ಬಂದಿತು. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರಲ್ಲಿ ಇದಕ್ಕೆ ಚೌಕಟ್ಟನ್ನು ರೂಪಿಸಲು ಸಮಿತಿಯೊಂದನ್ನು ನೇಮಿಸಿತು. ಬಿಡಿಭಾಗಗಳಿಂದ ಜೋಡಿಸಿದ ಮೇಜಿನ ಕಂಪ್ಯೂಟರಿಗೆ ಈ ಕಟ್ಟುಪಾಡಿಲ್ಲ. ಫ್ಯಾನು ಕೆಟ್ಟರೆ ಫ್ಯಾನನ್ನು, ಸ್ಮರಣಫಲಕ ಸಾಲದಿದ್ದರೆ ಇನ್ನೊಂದನ್ನು ತಂದರಾಯಿತು, ಉಳಿದದ್ದು ಉಳಿಯುತ್ತದೆ.

ಆ ಮನೆಯ ಮಗಳು ಕೊನೆಗೂ ತಂದೆಯನ್ನು ಒಪ್ಪಿಸುತ್ತಾಳೆ. ನಾಲ್ಕು ತಿರುಪು ಸಡಿಲಿಸಿ ಪಕ್ಕದ ತಗಡನ್ನು ಸರಿಸಿದರೆ, ತಂಪುಕಾರಕದ ಹಾಳೆಗಳ ನಡುವೆ ಐದು ವರ್ಷದ ಧೂಳು ಕಂಬಳಿಯಂತೆ ಕವಿದಿದೆ. ಪೇಸ್ಟ್ ಸುಣ್ಣದ ಹಕ್ಕಳೆಯಂತೆ ಉದುರುತ್ತದೆ. ತಂದೆ ಟಾರ್ಚು ಹಿಡಿಯುತ್ತಾರೆ, ತಾಯಿ ಹಳೆಯ ಕುಂಚವೊಂದನ್ನು ಹುಡುಕಿ ಕೊಡುತ್ತಾರೆ. ಮರುದಿನ ಸಂಜೆ ಹೊಸ ಪೇಸ್ಟಿನ ಪುಟ್ಟ ಕೊಳವೆ ಮನೆಗೆ ಬರುತ್ತದೆ. ಎಲ್ಲವನ್ನೂ ಮತ್ತೆ ಜೋಡಿಸಿ ಗುಂಡಿ ಒತ್ತಿದಾಗ ಪರದೆ ಬೆಳಗುತ್ತದೆ. ಪೆಟ್ಟಿಗೆಯಿಂದ ಸದ್ದೇ ಇಲ್ಲ.

"ಓಡುತ್ತಿದೆಯೇನೇ?" ಎಂದು ತಾಯಿ ಅಡಿಗೆಮನೆಯಿಂದ ಕೇಳುತ್ತಾರೆ.

"ಓಡುತ್ತಿದೆ, ಅಮ್ಮಾ" ಎಂದು ಹೇಳಿ ಮಗಳು ಅರ್ಧಕ್ಕೆ ನಿಂತ ಪ್ರಬಂಧವನ್ನು ಮುಂದುವರಿಸುತ್ತಾಳೆ.